ಗಿಣಿಯ ಕಣ್ಣು ಒಂದು ಚೌಕ ಕೆಳಗೆ

ಚಳ್ಳಕೆರೆಯಲ್ಲಿ ನಾನು ಒಂದು ವರ್ಷ ಕಂಪ್ಯೂಟರ್ ಓದಿದೆ. ಓದಿದೆ ಎನ್ನುವುದೇ ಸರಿ, ಕಲಿತೆ ಎಂದರೆ ಸುಳ್ಳಾದೀತು. ಕಾಲೇಜಿನ ಹೆಸರು ಬೇಡ. ಅದರ ಹಿಂಭಾಗದ ಎರಡು ಕೋಣೆಗಳ ಮುಂದೆ ‘ಸಮುದಾಯ ಕಾಲೇಜು, ಮಾಹಿತಿ ತಂತ್ರಜ್ಞಾನ ಡಿಪ್ಲೊಮಾ’ ಎಂದು ಬೋರ್ಡು ಬರೆಸಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಓದಿನ ಜೊತೆಗೆ ಉದ್ಯೋಗ’ ಎಂದಿತ್ತು. ನಾವು ಇಪ್ಪತ್ತೆರಡು ಜನ ಸೇರಿದ್ದು ಆ ಸಣ್ಣ ಅಕ್ಷರವನ್ನು ನಂಬಿ. ಪಿಯುಸಿ ಮುಗಿಸಿ ಸುಮ್ಮನೆ ಕೂತವರಿದ್ದರು, ಡಿಗ್ರಿ ಅರ್ಧಕ್ಕೆ ಬಿಟ್ಟವರಿದ್ದರು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದವಳೊಬ್ಬಳಿದ್ದಳು. ನಾನು ಬಿ.ಎ. ಮುಗಿಸಿ ಮೂರು ವರ್ಷ ಮನೆಯಲ್ಲಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿದವಳು.

ನಮ್ಮ ಮನೆ ಮೊಳಕಾಲ್ಮುರುವಿನಲ್ಲಿ. ಬೆಳಿಗ್ಗೆ ಬಸ್ಸು ಹಿಡಿದರೆ ಕೊಂಡ್ಲಹಳ್ಳಿ ಕಡೆಯ ಇಬ್ಬರು ದಾರಿಯಲ್ಲಿ ಹತ್ತುತ್ತಿದ್ದರು. ಮೂವರೂ ಇಬ್ಬರ ಸೀಟಿನಲ್ಲಿ ಒತ್ತಿ ಕೂತು, ಕೆಲಸ ಸಿಕ್ಕ ಮೇಲೆ ಯಾರು ಯಾವ ಬಣ್ಣದ ಸ್ಕೂಟಿ ಕೊಳ್ಳುವುದು ಎಂದು ಜಗಳವಾಡುತ್ತಿದ್ದೆವು. ಕಿಟಕಿಯಿಂದ ಎಣ್ಣೆ ಮಿಲ್ಲಿನ ಶೇಂಗಾ ಹಿಂಡಿಯ ವಾಸನೆ ಬಂದರೆ ಚಳ್ಳಕೆರೆ ಬಂತೆಂದು ಎದ್ದು ನಿಲ್ಲುತ್ತಿದ್ದೆವು. ಈಗ ಆ ವಾಸನೆ ಬಂದರೆ ಕಿಟಕಿ ಮುಚ್ಚಿಕೊಳ್ಳುತ್ತೇನೆ.

ಲ್ಯಾಬಿನಲ್ಲಿ ಇಪ್ಪತ್ತು ಕಂಪ್ಯೂಟರುಗಳಿದ್ದವು. ಆನ್ ಆಗುತ್ತಿದ್ದದ್ದು ಒಂಬತ್ತು. ಎಲ್ಲಕ್ಕೂ ಬಟ್ಟೆಯ ಗವಸು ಹೊಲಿಸಿದ್ದರು, ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಯುಗಾದಿ ಬಂದರೂ ಹಾಗೇ ಇರುತ್ತಿತ್ತು. ಚಪ್ಪಲಿ ಹೊರಗೆ ಬಿಡಬೇಕು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅಟೆಂಡರ್ ಬಾಗಿಲಲ್ಲೇ ನಿಂತು, ‘ಸುಮ್‌ಸುಮ್ನೆ ಮುಟ್ಟಬ್ಯಾಡ್ರಮ್ಮ, ಕೆಟ್ರೆ ಯಾರು ಜವಾಬ್ದಾರಿ?’ ಎನ್ನುತ್ತಿದ್ದ. ಹಾಗೆ ಯಾರೂ ಮುಟ್ಟದಂತೆ ಕಾದೇ ಅವು ಕೆಟ್ಟಿದ್ದವು. ಕರೆಂಟಿಲ್ಲದ ದಿನ ಪ್ರೋಗ್ರಾಮನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆಯುವುದು, ಅದರ ಕೆಳಗೆ ಔಟ್‌ಪುಟ್ಟನ್ನೂ ನಾವೇ ಬರೆಯುವುದು. ಕಂಪ್ಯೂಟರ್ ಏನು ಉತ್ತರ ಕೊಡುತ್ತದೆಂದು ಅದನ್ನು ಕೇಳದೆಯೇ ಬರೆಯುವ ಈ ವಿದ್ಯೆಯಲ್ಲಿ ನಾವೆಲ್ಲ ಪಳಗಿಬಿಟ್ಟೆವು. ಯಾರ ಔಟ್‌ಪುಟ್ಟೂ ಒಮ್ಮೆಯೂ ತಪ್ಪಾಗಲಿಲ್ಲ.

ಪಾಠ ಹೇಳುತ್ತಿದ್ದವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾನು ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲೇ ಪಾಠ ಮಾಡುತ್ತಿದ್ದರು. ಒಳ್ಳೆಯ ಮನುಷ್ಯ. ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು, ಬಾಯ್ತುಂಬ ಬೈದುಕೊಂಡಾದರೂ ಇರಬಹುದಿತ್ತು.

ಒಂದು ದಿನ ಅವರು ಬೋರ್ಡಿನ ಮೇಲೆ ಒಂದು, ಸೊನ್ನೆ ಬರೆದು, ‘ಕಂಪ್ಯೂಟರಿಗೆ ಗೊತ್ತಿರೋದು ಇವೆರಡೇ. ಮಿಕ್ಕಿದ್ದೆಲ್ಲ ಇದ್ರಲ್ಲೇ ಆಗ್ಬೇಕು’ ಎಂದರು. ಹಿಂದಿನ ಬೆಂಚಿನವರು ಆಕಳಿಸಿದರು. ನಾನು ನಕ್ಕುಬಿಟ್ಟೆ.

‘ಯಾಕಮ್ಮ ನಗ್ತೀಯ?’

‘ಸಾರ್, ಇದು ನಮ್ಮನೇಲಿ ಐತೆ ಸಾರ್.’

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ನಾನು ಎದ್ದುನಿಂತು ವಿವರಿಸಿದೆ. ನಮ್ಮ ಮಗ್ಗದ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ ಇದೆ. ಅದರಲ್ಲಿ ತೂತು ಕೊರೆದ ರಟ್ಟಿನ ಪಟ್ಟಿಗಳು ಮಾಲೆಯಾಗಿ ಸುತ್ತುತ್ತವೆ. ತೂತಿದ್ದ ಕಡೆ ದಾರ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಸೀರೆಯ ಅಂಚಿನ ಹೂವು ಹಕ್ಕಿ ಎಲ್ಲ ಆಗುವುದು ಅಷ್ಟರಲ್ಲೇ. ರಟ್ಟು ಕೊರೆಯುವ ಮೊದಲು ನಾಯ್ನ, ಅಂದರೆ ನಮ್ಮ ತಂದೆ, ಗ್ರಾಫ್ ಹಾಳೆಯ ಚೌಕಗಳನ್ನು ಕೆಂಪು ಪೆನ್ಸಿಲ್ಲಿನಿಂದ ತುಂಬುತ್ತಾರೆ. ತುಂಬಿದ ಚೌಕಕ್ಕೆ ತೂತು, ಖಾಲಿ ಚೌಕಕ್ಕೆ ಇಲ್ಲ. ಸಾರ್ ಬಾಯಿಬಿಟ್ಟುಕೊಂಡು ಕೇಳಿ, ‘ನಿನ್ನ ಪ್ರಾಜೆಕ್ಟ್ ಸಿಕ್ತಲ್ಲಮ್ಮ’ ಎಂದರು. ಆ ಕ್ಷಣ ನನಗಾದ ಹೆಮ್ಮೆಯನ್ನು ನೆನೆದರೆ ಇವತ್ತು ಕೆನ್ನೆಗೆ ಹೊಡೆದುಕೊಳ್ಳುವಂತಾಗುತ್ತದೆ.

ನಮ್ಮ ಬೀದಿಯಲ್ಲಿ ಮನೆಗೊಂದು ಅಂಚು. ಒಬ್ಬರದು ಗೋಪುರ, ಒಬ್ಬರದು ನವಿಲು, ನಮ್ಮದು ಗಿಣಿ. ದಾಳಿಂಬೆ ಹಣ್ಣಿನ ಎರಡೂ ಪಕ್ಕ ಒಂದಕ್ಕೊಂದು ಮುಖ ಮಾಡಿದ ಎರಡು ಗಿಣಿಗಳು. ತಾತ ಬರೆದದ್ದು, ನಾಯ್ನ ತಿದ್ದಿ ತಿದ್ದಿ ಚೆಂದ ಮಾಡಿದ್ದು. ರೇಷ್ಮೆ ಕೂಲಿಗೆ ನೇಯಿಸುವ ಸಾಹುಕಾರರದು, ಜರಿ ಸಾಹುಕಾರರದು, ನೇಯ್ದ ಸೀರೆಯೂ ಅವರದೇ. ನಮ್ಮದು ಅಂತ ಇದ್ದದ್ದು ಆ ಗಿಣಿಯೊಂದೇ. ಅದಿತ್ತೆಂದೇ ಸಾಹುಕಾರರು ‘ಗಿಣಿ ಮನೆಯವ್ರಿಗೇ ಹಾಕ್ರಿ’ ಎಂದು ನಮಗೆ ಹಾಸು, ಅಂದರೆ ಮಗ್ಗಕ್ಕೆ ಹೂಡುವ ಉದ್ದ ನೂಲು, ಕಳಿಸುತ್ತಿದ್ದರು. ಅದು ಇರುವವರೆಗೆ ನಾಯ್ನ ಕೆಲಸ ಕೇಳಿಕೊಂಡು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗಿರಲಿಲ್ಲ.

ಅಂಚನ್ನು ಬೇರೆಯವರಿಗೆ ಕೊಡುವುದೇ ಇಲ್ಲ ಎಂದೇನಿಲ್ಲ. ಕೊಡುವುದಕ್ಕೊಂದು ಪದ್ಧತಿಯಿದೆ. ಬೇಕಾದವರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಮನೆಗೆ ಬಂದು ಕೇಳಬೇಕು. ಕೊಡುವವರು ಒಂದೇ ಒಂದು ಚೌಕ ಬದಲಾಯಿಸಿ ಕೊಡಬೇಕು. ನಾನು ಚಿಕ್ಕವಳಿದ್ದಾಗ ಹಿಂದಿನ ಬೀದಿಯ ಮನೆಯವರು ಮಗನಿಗೆ ಹೊಸ ಮಗ್ಗ ಹೂಡಿದಾಗ ಹಾಗೇ ಬಂದು ಕೇಳಿದ್ದರು. ನಾಯ್ನ ಎಲೆ ಅಡಿಕೆ ತೆಗೆದುಕೊಂಡು, ಗಿಣಿಯ ಬಾಲದ ತುದಿಯಲ್ಲಿ ಒಂದು ಚೌಕ ಅಳಿಸಿ, ಹಾಳೆ ಕೊಟ್ಟರು. ಯಾಕೆ ಅಳಿಸಿದ್ದೆಂದು ಕೇಳಿದ್ದಕ್ಕೆ, ‘ಅದು ಅವ್ರ ಗಿಣಿ, ಇದು ನಮ್ಮ ಗಿಣಿ. ನೋಡಿದೋರಿಗೆ ಗೊತ್ತಾಗ್ಬೇಕಲ್ಲಮ್ಮ. ಕೇಳಿ ತಗೊಂಡಿದ್ದು ಅಂತಾನೂ ಗೊತ್ತಾಗ್ಬೇಕು’ ಎಂದಿದ್ದರು.

ಪ್ರಾಜೆಕ್ಟಿಗೆ ನಮ್ಮ ಕ್ಲಾಸಿನ ಮೂರು ಗುಂಪು ನಮ್ಮ ಕಡೆಯ, ಅಶೋಕನ ಶಾಸನವಿರುವ ಬ್ರಹ್ಮಗಿರಿಯ ವೆಬ್‌ಸೈಟ್ ಮಾಡಿದವು. ಒಂದು ಗುಂಪು ಮಾಡಿದ್ದನ್ನು ಇನ್ನೆರಡು ಬಣ್ಣ ಬದಲಿಸಿ ಇಳಿಸಿಕೊಂಡವು. ಅವರಲ್ಲಿ ಒಬ್ಬರೂ ಬ್ರಹ್ಮಗಿರಿ ಹತ್ತಿರಕ್ಕೂ ಹೋಗಿರಲಿಲ್ಲ. ಅವರೇ ಜಾಣರು. ನಾನು ಪ್ರಾಮಾಣಿಕಳಾಗಲು ಹೊರಟೆ.

ನಮ್ಮ ಗಿಣಿಯನ್ನು ಕಂಪ್ಯೂಟರಿಗೆ ಇಳಿಸಲು ಗ್ರಾಫ್ ಹಾಳೆ ಕೇಳಿದಾಗ ನಾಯ್ನ ಟ್ರಂಕು ತೆಗೆಯಲು ಎರಡು ದಿನ ಹಿಂದೆಮುಂದೆ ನೋಡಿದರು.

‘ಕಂಪ್ಯೂಟರ್ ಒಳಕ್ಕೆ ಹೋಗಿದ್ದು ಹೊರಕ್ಕೆ ಬರ್ತೈತಾ?’

‘ಬರ್ತೈತೆ ನಾಯ್ನ. ಈ ಹಾಳೆ ಮಡಿಕೆ ಬಿದ್ದು ಹರೀತಾ ಐತಲ್ಲ, ಅದ್ರಾಗೆ ಇದ್ರೆ ಯಾವತ್ತೂ ಹರಿಯಲ್ಲ.’

‘ಬೇರೆಯವ್ರ ಕೈಗೆ?’

‘ನನ್ನ ಹತ್ರಾನೇ ಇರ್ತೈತೆ.’

ಇದು ನಾನು ಆಡಿದ ಮಾತು. ಯಾರೂ ಬಲವಂತ ಮಾಡಿ ಆಡಿಸಿದ್ದಲ್ಲ.

ಎರಡು ತಿಂಗಳು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಲ್ಯಾಬಿನಲ್ಲಿ ಕೂತು ಚೌಕ ತುಂಬಿದೆ. ಅಟೆಂಡರ್ ಗೊಣಗುತ್ತಾ ಬಾಗಿಲಲ್ಲೇ ಡಬ್ಬಿ ಬಿಚ್ಚುತ್ತಿದ್ದ. ಹಾಳೆಯ ಮೇಲೆ ಬೆರಳಿಟ್ಟು ಎಣಿಸುವುದು, ಪರದೆಯಲ್ಲಿ ಒತ್ತುವುದು, ಮತ್ತೆ ಬೆರಳು. ಒಂದು ಗಿಣಿ ಮುಗಿಯುವಷ್ಟರಲ್ಲಿ ಕಣ್ಣು ಉರಿಯತೊಡಗಿತು. ಎರಡನೆಯದನ್ನು ಯಾರು ಎಣಿಸುತ್ತಾರೆ? ಮೊದಲನೆಯದನ್ನೇ ಕಾಪಿ ಮಾಡಿ, ಎಡದ್ದನ್ನು ಬಲಕ್ಕೆ ತಿರುಗಿಸಿ ಅಂಟಿಸಿದೆ. ಒಂದು ಗುಂಡಿ ಒತ್ತಿದರೆ ನಾಯ್ನನ ಮೂರು ದಿನದ ಕೆಲಸ. ವರ್ಷದಲ್ಲಿ ನಾನು ನಿಜವಾಗಿ ಕಲಿತ ವಿದ್ಯೆ ಅದೊಂದೇ.

ಬಣ್ಣದ ಪ್ರಿಂಟ್ ತೆಗೆಸಿ ಮನೆಗೆ ತಂದೆ. ನಾಯ್ನ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದು ಬಂದು, ಕೈ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅವರ ಬೆರಳು ಗಿಣಿಯ ತಲೆಯ ಹತ್ತಿರ ನಿಂತಿತು. ಆಮೇಲೆ ಇನ್ನೊಂದು ಗಿಣಿಗೆ ಹೋಯಿತು. ನನ್ನ ಮುಖ ನೋಡಿ, ‘ಪರವಾಗಿಲ್ಲ, ನಿನಗೂ ಗೊತ್ತೈತೆ’ ಎಂದರು. ಕಂಪ್ಯೂಟರಿನ ಮಾತೆಂದು ನಾನು ಉಬ್ಬಿಹೋದೆ. ಊಟಕ್ಕೆ ಕೂತಾಗ ಅಮ್ಮನಿಗೂ ಅದನ್ನೇ ಹೇಳಿದರು, ‘ನಮ್ಮ ಹುಡುಗಿಗೆ ಎಲ್ಲಾ ಗೊತ್ತೈತೆ.’

ಪ್ರಾಜೆಕ್ಟ್ ಪುಸ್ತಕ ಬೈಂಡಿಂಗ್ ಆಗಿ ಬಂದ ಮೇಲೆ ಒಂದು ದಿನ ಸುಮ್ಮನೆ ಹಾಳೆಯ ಜೊತೆ ಇಟ್ಟು ನೋಡಿದೆ. ಗಿಣಿಯ ಕಣ್ಣು ತಪ್ಪಿತ್ತು. ತುಂಬಿದ ತಲೆಯಲ್ಲಿ ಕಣ್ಣೆಂದರೆ ಒಂದು ಖಾಲಿ ಚೌಕ. ಹಾಳೆಯಲ್ಲಿ ಅಲ್ಲೇ ಮಡಿಕೆ ಹರಿದಿದ್ದರಿಂದ ನಾನು ಒಂದು ಚೌಕ ಕೆಳಗೆ ಬಿಟ್ಟಿದ್ದೆ. ನಾಯ್ನನ ಗಿಣಿಗಳು ಒಂದನ್ನೊಂದು ನೇರ ನೋಡುತ್ತವೆ, ನನ್ನವು ತಲೆ ತಗ್ಗಿಸಿ ಹಣ್ಣು ನೋಡುತ್ತಿದ್ದವು. ಕಾಪಿ ಮಾಡಿದ್ದರಿಂದ ತಪ್ಪೂ ಜೋಡಿಯಾಗಿತ್ತು. ಮತ್ತೆ ತಿದ್ದಿ, ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸುವವರು ಯಾರು? ಯಾರು ನೋಡುತ್ತಾರೆ ಎಂದು ಬಿಟ್ಟೆ. ಪರೀಕ್ಷೆಗೆ ಬಂದ ಹೊರಗಿನವರು ನಿಜಕ್ಕೂ ನೋಡಲಿಲ್ಲ. ಪುಸ್ತಕದ ರಟ್ಟು ಚೆನ್ನಾಗಿದೆ ಎಂದು ಅಂಕ ಕೊಟ್ಟರು.

ಕೋರ್ಸಿನ ಕೊನೆಗೆ ಕಾಲೇಜಿಗೆ ಸಂದರ್ಶನಕ್ಕೆಂದು ಇಬ್ಬರು ಬಂದರು. ಗಡಿಯಾಚೆಯ ಊರೊಂದರಲ್ಲಿ ಬಟ್ಟೆ ಮಿಲ್ಲುಗಳಿಗೆ ಡಿಸೈನ್ ಮಾಡಿಕೊಡುವ ಕಂಪನಿಯಂತೆ. ನಾವೆಲ್ಲ ಇದ್ದುದರಲ್ಲಿ ಒಳ್ಳೆಯ ಚೂಡಿದಾರ ಹಾಕಿಕೊಂಡು ವರಾಂಡದಲ್ಲಿ ಸಾಲಾಗಿ ಕೂತೆವು. ಬೇರೆಯವರಿಗೆ ಎರಡೆರಡು ಪ್ರಶ್ನೆ ಕೇಳಿ ಕಳಿಸಿದರು. ನನ್ನನ್ನು ಅರ್ಧ ಗಂಟೆ ಕೂರಿಸಿಕೊಂಡರು. ಒಬ್ಬ ನಮ್ಮ ಮನೆಮಾತಾದ ತೆಲುಗಿನಲ್ಲೇ ಮಾತು ತೆಗೆದ. ಎಷ್ಟು ದಾರದ ಅಂಚು, ಯಾರು ಬರೆದದ್ದು, ಎಷ್ಟು ವರ್ಷದ್ದು ಎಂದೆಲ್ಲ ಕೇಳಿದ. ನಾನು ನೆಂಟರಿಗೆ ಹೇಳಿದಂತೆ ಹೇಳಿದೆ.

‘ಫೈಲ್ ಐತಾಮ್ಮ?’

ಪೆನ್‌ಡ್ರೈವ್ ಬ್ಯಾಗಿನಲ್ಲೇ ಇತ್ತು. ಕೈ ಹಾಕಿ ಹಿಡಿದುಕೊಂಡೆ, ತೆಗೆಯಲಿಲ್ಲ. ನನ್ನ ಹತ್ತಿರವೇ ಇರುತ್ತದೆ ಎಂದಿದ್ದೆನಲ್ಲ. ಪಕ್ಕದಲ್ಲಿ ನಿಂತಿದ್ದ ಸಾರ್, ‘ಕೊಡಮ್ಮ, ಯಾಕೆ ಯೋಚ್ನೆ ಮಾಡ್ತೀಯ? ಇದನ್ನ ನೋಡಿದ್ರೆ ಕೆಲಸ ಗ್ಯಾರಂಟಿ’ ಎಂದರು. ಅವರ ಮುಖದಲ್ಲಿ ನನಗಿಂತ ಹೆಚ್ಚು ಆಸೆಯಿತ್ತು. ಒಬ್ಬರಿಗಾದರೂ ಕೆಲಸ ಸಿಕ್ಕರೆ ಮುಂದಿನ ವರ್ಷ ಕೋರ್ಸು ನಡೆಯುತ್ತದೆ, ಅವರೂ ಉಳಿಯುತ್ತಾರೆ. ಕೊಟ್ಟೆ. ‘ನಮ್ಮ ದೊಡ್ಡೋರಿಗೆ ತೋರಿಸಿ ಫೋನ್ ಮಾಡ್ತೀವಿ’ ಎಂದು ಆತ ಪೆನ್‌ಡ್ರೈವನ್ನೇ ಜೇಬಿಗೆ ಹಾಕಿಕೊಂಡ. ಅದನ್ನು ವಾಪಸ್ ಕೇಳಲು ನನಗೆ ನಾಚಿಕೆಯಾಯಿತು. ಕೆಲಸ ಕೊಡುವವರ ಹತ್ತಿರ ಒಂದು ಪೆನ್‌ಡ್ರೈವಿಗೆ ಕೈಚಾಚುವುದೇ ಎಂದುಕೊಂಡೆ.

ಫೋನ್ ಬರಲಿಲ್ಲ. ನಾನೇ ಮಾಡಿದೆ. ಮೊದಮೊದಲು ‘ನೋಡ್ತಾ ಇದೀವಮ್ಮ’ ಎಂದರು, ಆಮೇಲೆ ಎತ್ತಲಿಲ್ಲ. ಇಪ್ಪತ್ತೆರಡು ಜನರಲ್ಲಿ ಒಬ್ಬ ಮೊಬೈಲ್ ರಿಪೇರಿ ಅಂಗಡಿ ಸೇರಿದ, ಒಬ್ಬಳು ಬಟ್ಟೆ ಅಂಗಡಿಯ ಬಿಲ್ ಕೌಂಟರಿಗೆ ಹೋದಳು. ನಾನು ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂತೆ. ಪಹಣಿ, ಜಾತಿ ಪ್ರಮಾಣಪತ್ರ, ಪೊಲೀಸ್ ಪರೀಕ್ಷೆ, ಎಲ್ಲ ಇನ್ನೊಬ್ಬರ ಅರ್ಜಿ. ಕಾಲೇಜಿನವರು ನಮ್ಮೆಲ್ಲರನ್ನೂ ಉದ್ಯೋಗಸ್ಥರ ಪಟ್ಟಿಗೆ ಸೇರಿಸಿಕೊಂಡು ಬ್ಯಾನರಿಗೆ ಫೋಟೋ ಕೇಳಿದರು. ಕಳಿಸಿದೆ. ಆ ಬ್ಯಾನರಿನಲ್ಲಿ ನಾನು ನಗುತ್ತಿದ್ದೇನೆ. ಅದನ್ನು ನೋಡಿ ಸೇರುವ ಹುಡುಗಿಯರ ಅರ್ಜಿಯನ್ನೂ ನಾನೇ ತುಂಬುತ್ತೇನೆ. ಬೇಡ ಎಂದು ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ. ಅಂಗಡಿಯವರಿಗೆ ಅರ್ಜಿ ಬೇಕು.

ಒಂದೂವರೆ ವರ್ಷ ಕಳೆದ ಮೇಲೆ ದೇವಸಮುದ್ರದಲ್ಲಿ ನಮ್ಮ ಸೋದರಮಾವನ ಮನೆಯಲ್ಲಿ ಮದುವೆಯಾಯಿತು. ತವರಿನ ಉಡುಗೊರೆಯೆಂದು ಅಮ್ಮನಿಗೆ ಒಂದು ಸೀರೆ ಕೊಟ್ಟರು. ಅಮ್ಮ ಜೀವಮಾನವಿಡೀ ರೇಷ್ಮೆಯ ಹಾಸು ಬಿಡಿಸಿದವಳು, ಮೈಮೇಲೆ ಹಾಕಿಕೊಂಡದ್ದು ತನ್ನ ಮದುವೆಯ ಒಂದು ಸೀರೆ. ಮನೆಗೆ ಬಂದು ಕವರು ಬಿಚ್ಚಿ, ಮಡಿಕೆ ತೆಗೆದವಳೇ, ‘ಅಯ್ಯೋ, ನಮ್ಮ ಗಿಣಿ ನಮಗೇ ಉಡುಗೊರೆ ಬಂತಲ್ಲೇ!’ ಎಂದು ನಕ್ಕಳು.

ನಾನು ಹತ್ತಿರ ಹೋಗಿ ನೋಡಿದೆ. ಮಿಲ್ಲಿನ ಸೀರೆ. ರೇಷ್ಮೆಯಲ್ಲ, ಹೊಳೆಯುವ ನೂಲು. ಅಂಚಿನಲ್ಲಿ ದಾಳಿಂಬೆ, ಎರಡು ಗಿಣಿ. ಎರಡೂ ತಲೆ ತಗ್ಗಿಸಿ ಹಣ್ಣು ನೋಡುತ್ತಿದ್ದವು.

ಸೀರೆ ನೋಡಿಯೂ ಅಂಚು ಕದಿಯಬಹುದು. ಆದರೆ ಹಾಗೆ ಕದ್ದವರ ಗಿಣಿ ನೇರ ನೋಡುತ್ತಿತ್ತು. ಕೆಳಗಿನ ಚೌಕದ ಕಣ್ಣು ಈ ಲೋಕದಲ್ಲಿ ಇದ್ದದ್ದು ಒಂದೇ ಕಡೆ, ನನ್ನ ಫೈಲಿನಲ್ಲಿ. ದಾರ ಎಣಿಸುವ ಕಷ್ಟವನ್ನೂ ಅವರಿಗೆ ಕೊಡದೆ, ಮಾಡಿದ ಅಡುಗೆ ಬಡಿಸಿದಂತೆ ಕೊಟ್ಟುಬಂದಿದ್ದೆ. ನಾಯ್ನ ಸೆರಗಿನ ತುದಿ ಎತ್ತಿಕೊಂಡು, ಹೆಬ್ಬೆರಳಿನಿಂದ ಗಿಣಿಯ ತಲೆ ಸವರಿ ನೋಡಿ, ಅಮ್ಮನ ಕೈಗೆ ಕೊಟ್ಟು ಮಗ್ಗಕ್ಕೆ ಹೋದರು.

ಸಾಹುಕಾರರು ನಿಷ್ಠುರದವರಲ್ಲ. ನಾಯ್ನ ಮುಂದಿನ ಹಾಸು ತರಲು ಹೋದಾಗ ಟೀ ತರಿಸಿಯೇ ಹೇಳಿದರಂತೆ, ‘ಅದೇ ಗಿಣಿ ಸಂತೆ ಸಂತೇಲಿ ಸಿಗ್ತೈತೆ. ಕೈಮಗ್ಗದ್ದು ಅಂದ್ರೆ ಗಿರಾಕಿ ನಂಬಲ್ಲ. ಸ್ವಲ್ಪ ದಿನ ಸಾದಾ ಅಂಚು ಹಾಕ್ರಿ.’ ಸಾದಾ ಅಂಚನ್ನು ಯಾರು ಬೇಕಾದರೂ ನೇಯುತ್ತಾರೆ. ನಲವತ್ತು ವರ್ಷ ಗಿಣಿ ಮನೆಯವರಾಗಿದ್ದ ನಾಯ್ನ, ಕೆಲಸ ಕೇಳುವವರ ಸಾಲಿನಲ್ಲಿ ಹೋಗಿ ನಿಂತರು. ಜಕಾರ್ಡ್ ಪೆಟ್ಟಿಗೆಯಿಂದ ರಟ್ಟಿನ ಮಾಲೆ ಇಳಿಸುವಾಗ ನಾನು ಕೆಳಗೆ ನಿಂತು ಹಿಡಿದುಕೊಂಡೆ. ಎಷ್ಟು ಭಾರವಿತ್ತು ಅದು.

ಹೇಳಿಬಿಡಬೇಕೆಂದು ದಿನವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದವಳೇ ಕಂಡಿಕೆ ಸುತ್ತಲು ಕೂತುಬಿಡುತ್ತಿದ್ದೆ. ಒಂದು ಭಾನುವಾರ ಅಮ್ಮ ನೀರಿಗೆ ಹೋಗಿದ್ದಾಗ ನಾಯ್ನನೇ ಕರೆದರು.

‘ಗಿಣಿ ನೀನೇ ಕೊಟ್ಟಿದ್ದಲ್ವಾಮ್ಮ?’

ತಲೆ ತಗ್ಗಿಸಿದೆ.

‘ಅವತ್ತು ನೀನು ಕಾಗದ ತಂದಾಗ್ಲೇ ನೋಡ್ದೆ, ಕಣ್ಣು ಒಂದು ಚೌಕ ಇಳಿಸಿದ್ದೆ. ಯಾರಿಗೋ ಕೊಡಾಕೆ ಅಂತಾನೇ ಇಳಿಸಿದೀಯ ಅಂದ್ಕಂಡೆ. ಇಷ್ಟು ಓದಿದ್ರೂ ನಮ್ಮ ಪದ್ಧತಿ ಮರ್ತಿಲ್ಲ ಅಂತ ನಂಗೆ ಎಷ್ಟು ಸಂತೋಷ ಆತು ಗೊತ್ತಾ? ಕೊಟ್ಟಿದ್ದು ತಪ್ಪಲ್ಲ. ನಾನೂ ಕೊಟ್ಟಿಲ್ವಾ? ಅವ್ರು ಅದನ್ನ ಮಿಲ್ಲಿಗೆ ಹಾಕಿದ್ರು, ಅದು ಅವ್ರ ಬುದ್ಧಿ. ಒಂದು ಹೇಳು ಸಾಕು. ಎಲೆ ಅಡಿಕೆ ಇಟ್ಟು ಕೇಳಿದ್ರಾ?’

ಆತ ಜೇಬಿಗೆ ಹಾಕಿಕೊಂಡ ಪೆನ್‌ಡ್ರೈವ್ ಕಣ್ಣ ಮುಂದೆ ಬಂತು. ಕಣ್ಣು ಇಳಿದದ್ದು ಪದ್ಧತಿಯಿಂದಲ್ಲ, ಹರಿದ ಮಡಿಕೆಯಿಂದ, ನನ್ನ ಸೋಮಾರಿತನದಿಂದ ಎಂದು ಹೇಳಬೇಕಿತ್ತು. ಕೇಳುವುದಿರಲಿ, ನಿನ್ನ ಹೆಸರನ್ನೂ ಅವರು ಬರೆದುಕೊಳ್ಳಲಿಲ್ಲ ಎಂದು ಹೇಳಬೇಕಿತ್ತು. ನಾಯ್ನ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಉಳಿದಿದ್ದದ್ದು ಅದೊಂದು ಪ್ರಶ್ನೆ.

‘ಇಟ್ಟಿದ್ರು ನಾಯ್ನ,’ ಎಂದೆ.

‘ಹಂಗಾರೆ ಸರಿ,’ ಎಂದು ಅವರು ಗುಂಡಿಗಿಳಿದು ಸಾದಾ ಅಂಚಿಗೆ ಲಾಳಿ ಹಾಕಿದರು.

ಈಗ ಮನೆಗೆ ಯಾರು ಬಂದರೂ, ಸಂತೆಯ ಗಿಣಿ ಸೀರೆಯ ಮಾತೆತ್ತಿದರೆ, ನಾಯ್ನ ಮಗ್ಗ ನಿಲ್ಲಿಸಿ ಹೇಳುತ್ತಾರೆ, ‘ಅವ್ರು ಕೇಳಿ ತಗೊಂಡಿದ್ದು. ನಮ್ಮ ಹುಡುಗಿ ಕಂಪ್ಯೂಟರ್ ಓದಿದ್ರೂ ಪದ್ಧತಿ ಬಿಡ್ಲಿಲ್ಲ. ಬೇಕಾದ್ರೆ ಕಣ್ಣು ನೋಡ್ರಿ, ಒಂದು ಚೌಕ ಕೆಳಗೈತೆ.’ ಹೇಳಿ ಮುಗಿಸಿ ನನ್ನ ಕಡೆ ತಿರುಗುತ್ತಾರೆ. ಬಂದವರೂ ತಿರುಗುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ.